ಘಟ್ಟ ಇಳಿದ ಹಣ

ಅವತ್ತು ಬೆಳಿಗ್ಗೆ ನಾನು ಮನಿಯಾರ್ಡರ್ ಫಾರಂ ತುಂಬುತ್ತ ಕೂತಿದ್ದೆ. ನನ್ನ ಗಂಡ ಪಕ್ಕದಲ್ಲೇ ಕೂತು ಕೆಲಸದ ಚೀಲಕ್ಕೆ ಸುತ್ತಿಗೆ, ಇಕ್ಕಳ, ಹುರಿಯ ಉಂಡೆ ತುಂಬಿಕೊಳ್ಳುತ್ತಿದ್ದರು. ರಿಪ್ಪನ್‌ಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಬೆಳಕು ಸರಿಯಾಗಿ ಬೀಳುವ ಜಾಗವೆಂದರೆ ಹೊಸ್ತಿಲು ಒಂದೇ. ಹಾಗಾಗಿ ಅವರ ಚೀಲ, ನನ್ನ ಫಾರಂ, ಐದು ವರ್ಷದ ಮಗಳಿಗೆ ತಲೆ ಬಾಚುವುದು, ಅಕ್ಕಿ ಆರಿಸುವುದು ಎಲ್ಲವೂ ಅಲ್ಲೇ ಆಗಬೇಕಿತ್ತು.

"ಬರೆದ್ಯಾ?" ಅಂದರು.

"ಹೆಸ್ರು, ಊರು ಆಯ್ತು. ಕೆಳಗಡೆ ಎಂತ ಬರೀಲಿ?"

ಫಾರಮಿನ ಕೆಳತುದಿಯಲ್ಲಿ ಹಣದ ಜೊತೆ ಎರಡು ಮಾತು ಬರೆಯಲು ಸ್ವಲ್ಪ ಜಾಗ ಇರುತ್ತಿತ್ತು. ಹಣ ಪಡೆದವರು ಆ ತುಂಡನ್ನು ಹರಿದು ಇಟ್ಟುಕೊಳ್ಳುತ್ತಿದ್ದರು. ನಮ್ಮಲ್ಲಿ ಕಾಗದ ಬರೆಯುವ ಪದ್ಧತಿ ಇರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಆ ಜಾಗದಲ್ಲೇ ಹೇಳುತ್ತಿದ್ದೆವು.

"ಮಳೆ ಹಿಡಿಯೂ ಮೊದ್ಲ್ ಕೊಟ್ಟಿಗೆಗೆ ರೀಪು ಹೊಡ್ಸೂಕೆ ಹೇಳ್. ಶ್ರಾವಣಕ್ಕೆ ನಾನ್ ಬತ್ತೆ ಅಂತ ಬರಿ."

ಬರೆದೆ. ಬರೆದು ಶಾಯಿ ಆರಲಿ ಎಂದು ಊದುತ್ತ, "ಇಲ್ಲಿ ಜಾಗ ತಗೊಳ್ಳೋ ವಿಷ್ಯ?" ಎಂದೆ.

"ಈ ಕೊಟ್ಟಿಗೆ ಒಂದ್ ಆಗ್ಲಿ ಮಾರಾಯ್ತಿ. ಆಮೇಲೆ ನಿನ್ ಜಾಗವೇ."

"ಹೋದ ವರ್ಷ ಬಾವಿಕಟ್ಟೆ ಅಂದ್ರಿ. ಅದ್ರ ಹಿಂದಿನ ವರ್ಷ ಹಲಗೆ ಮುಚ್ಚಿಗೆ ಅಂದ್ರಿ. ಈಗ ದನಗಳಿಗೂ ಹಂಚು ಬಂತು."

"ದನಕ್ಕೂ ಮಳೆ ತಾಗ್ತದಲ್ದಾ?"

"ನಂಗೆ ತಾಗಲ್ವಾ?"

ಅವರು ನಕ್ಕರು. ಮಗಳ ಜಡೆ ಒಮ್ಮೆ ಎಳೆದು, ಚೀಲ ಹೆಗಲಿಗೆ ಹಾಕಿ ಹೊರಟರು. ರಸ್ತೆಯ ತನಕ ಹೋದವರು ಎಲೆಯಡಿಕೆ ಸಂಚಿ ಮರೆತು ವಾಪಸು ಬಂದರು. ಸಂಚಿ ಕೈಗೆ ಕೊಡುವಾಗಲೂ ನಾನು ಜಾಗದ ಮಾತನ್ನೇ ಎತ್ತಿದೆ. "ಹ್ಞಾಂ, ಹ್ಞಾಂ" ಅಂದರು. ಕೋಣಂದೂರಿನ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು.

ಅವರ ಕೆಲಸ ಮನೆಗಳಿಗೆ ರೀಪು ಎಂಬ ಮರದ ಪಟ್ಟಿ ಹೊಡೆದು ಅದರ ಮೇಲೆ ಹಂಚು ಹೊದಿಸುವುದು. ಅವತ್ತು ಕೋಣಂದೂರಿನಲ್ಲಿ ಒಬ್ಬ ವ್ಯಾಪಾರಿಯ ಉಗ್ರಾಣದ ಮಾಡು ಬಿಚ್ಚಿ ಹೊಸದಾಗಿ ಹೊದಿಸುವುದಿತ್ತು. ನಾನು ಮಗಳ ಕೈ ಹಿಡಿದು ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ರಸೀದಿ ತಂದೆ. ಬಂದು ಹುರುಳಿ ಬೇಯಿಸಿದೆ. ಬಟ್ಟೆ ಒಗೆದೆ. ಮಧ್ಯಾಹ್ನದ ಬಸ್ಸಿಗೆ ಅವರ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಬಂದ. ಅವನ ಹೆಗಲಲ್ಲಿ ಇವರ ಚೀಲವಿತ್ತು. ಒಳಗೆ ಬರದೆ ಅಂಗಳದಲ್ಲೇ ನಿಂತು, "ಅಕ್ಕ, ಹಳೇ ರೀಪು. ಕಾಲಿಟ್ಟದ್ದೇ ಮುರೀತು" ಅಂದ. ಲಾರಿಯಲ್ಲಿ ಹಾಕಿ ತೀರ್ಥಹಳ್ಳಿ ಆಸ್ಪತ್ರೆಗೆ ಒಯ್ಯುತ್ತಿದ್ದರಂತೆ. ದಾರಿಯಲ್ಲೇ ಜೀವ ಹೋಗಿತ್ತು.

ನಾನು ಬೆಳಿಗ್ಗೆ ಕಟ್ಟಿದ ಹಣ ಆ ಹೊತ್ತಿಗೆ ರಿಪ್ಪನ್‌ಪೇಟೆಯನ್ನೇ ಬಿಟ್ಟಿರಲಿಲ್ಲ. ಟಪಾಲು ಚೀಲ ಹೋಗುವುದು ಸಂಜೆ. ಕೇಳಿದ್ದರೆ ವಾಪಸು ಕೊಡುತ್ತಿದ್ದರೋ ಏನೋ, ಗೊತ್ತಿಲ್ಲ. ಕೇಳಬೇಕೆಂದು ಹೊಳೆಯಲಿಲ್ಲ. ಅವರು ಸತ್ತ ಮೇಲೂ ಅವರ ಹಣ ಘಟ್ಟ ಇಳಿಯಿತು.

ಅವರು ಘಟ್ಟದ ಕೆಳಗಿನವರು. ಹೆಬ್ರಿ ದಾಟಿ ಇನ್ನೂ ಮುಂದೆ ಅವರ ಊರು. ಇಪ್ಪತ್ತು ವರ್ಷ ತುಂಬುವ ಮೊದಲೇ ಹಂಚಿನ ಲಾರಿಯ ಜೊತೆ ಮೇಲೆ ಬಂದವರು ಇಲ್ಲೇ ನಿಂತರು. ಆಗ ನಮ್ಮ ಕಡೆ ಅಡಿಕೆ ಸೋಗೆ ಹೊದಿಸಿದ ಮನೆಗಳೇ ಹೆಚ್ಚು. ಕೈಯಲ್ಲಿ ನಾಲ್ಕು ಕಾಸು ಓಡಾಡಿದವರೆಲ್ಲ ಹಂಚು ಹಾಕಿಸಲು ಶುರುಮಾಡಿದ ಕಾಲ ಅದು. ಆಮೇಲೆ ಸಾಗರದ ಕಡೆ ಅಣೆಕಟ್ಟಿನ ಕೆಲಸ ಎದ್ದಿತು. ಒಂದು ಬೇಸಿಗೆ ಅಲ್ಲಿಯ ಕೆಲಸಗಾರರ ವಸತಿಗೆ ಮಾಡು ಕಟ್ಟಿ ಬಂದರು. ನೀರು ನಿಂತು ಊರುಗಳು ಮುಳುಗಿದಾಗ ಅಲ್ಲಿಯ ಜನ ಹಳೆ ಮನೆಯ ಬಾಗಿಲು, ಕಂಬ, ಹಂಚುಗಳನ್ನು ಗಾಡಿಗೆ ಹೇರಿಕೊಂಡು ನಮ್ಮ ಕಡೆಗೂ ಬಂದರು. ಅವರಿಗೆಲ್ಲ ಹೊಸ ಮನೆ ಆಗಬೇಕಿತ್ತು. ದೀಪಾವಳಿ ಕಳೆದು ಕೆಲಸಕ್ಕೆ ಹೊರಟರೆ ಮಳೆಗಾಲ ಹಿಡಿಯುವ ತನಕ ನನ್ನ ಗಂಡನಿಗೆ ಬಿಡುವು ಇರುತ್ತಿರಲಿಲ್ಲ.

ನಮ್ಮ ಬಾಡಿಗೆ ಮನೆಗೆ ಮಾತ್ರ ಸೋಗೆಯೇ. ಜೊತೆಯವರು ಊಟಕ್ಕೆ ಬಂದಾಗ ತಲೆ ಎತ್ತಿ ನೋಡಿ, "ಏನಯ್ಯಾ, ಊರಿಗೆಲ್ಲ ಹಂಚು, ಹೆಂಡ್ತಿಗೆ ಸೋಗೆ" ಅಂತ ಛೇಡಿಸುತ್ತಿದ್ದರು. "ಇದ್ ಬೇರೆಯವ್ರ ಮನೆ. ನಮ್ಮನೆ ಕೆಳಗ್ ಇತ್ತಲೇ" ಅನ್ನುತ್ತಿದ್ದರು ಇವರು. ನಮ್ಮನೆ ಎಂದು ಅವರು ಹೇಳುವಾಗ ನಾನೂ ಹೌದೆನ್ನುವಂತೆ ಬಡಿಸುತ್ತಿದ್ದೆ.

ನಮ್ಮ ಮದುವೆ ಮಾತಾಡುವಾಗ ಹಿರಿಯರು ಜಾತಿ ಒಂದೇ ಎಂದು ನೋಡಿಕೊಂಡರು. ದೇವರು ಒಂದೇ ಎಂದೂ ನೋಡಿಕೊಂಡರು. ಹುಡುಗ ಕುಡಿಯುವುದಿಲ್ಲ, ಕೈಯಲ್ಲಿ ಕೆಲಸ ಇದೆ ಎಂದು ನನ್ನ ಅಣ್ಣನಿಗೆ ಸಮಾಧಾನವಾಯಿತು. ಅವರದು ಅಳಿಯಸಂತಾನ, ನಮ್ಮದು ಮಕ್ಕಳಸಂತಾನ ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ಮುಚ್ಚಿಟ್ಟರು ಎಂದು ಹೇಳಲಾರೆ. ಅವರ ಕಡೆಯವರಿಗೆ ಲೋಕದಲ್ಲೆಲ್ಲ ಹಾಗೇ ಇರುತ್ತದೆ ಎಂದು ಗೊತ್ತು. ನಮ್ಮ ಕಡೆಯವರಿಗೂ ಲೋಕದಲ್ಲೆಲ್ಲ ಹೀಗೇ ಇರುತ್ತದೆ ಎಂದು ಗೊತ್ತು. ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ನಾನು ಏಳನೇ ಇಯತ್ತೆ ತನಕ ಓದಿದವಳು. ಅವರಿಗೆ ಸಹಿಯಷ್ಟೇ ಬರುತ್ತಿತ್ತು. ಮದುವೆಯಾದ ತಿಂಗಳೇ ನನ್ನ ಮುಂದೆ ಫಾರಂ ತಂದಿಟ್ಟರು. ಅವತ್ತು ನನಗೆ ಹೆಮ್ಮೆಯಾಗಿತ್ತು. ಹಣ ಹೋಗುತ್ತಿದ್ದದ್ದು ಅವರ ಅಕ್ಕನ ಹೆಸರಿಗೆ. ಹದಿನೈದು ದಿನ ಕಳೆದರೆ ಹಣ ಮುಟ್ಟಿದ್ದಕ್ಕೆ ಗುರುತಾಗಿ, ನಾನೇ ಹೆಸರು, ಮೊತ್ತ ತುಂಬಿದ ಒಂದು ಚೀಟಿ ನಮಗೆ ವಾಪಸು ಬರುತ್ತಿತ್ತು. ಅದರ ಮೇಲೆ ಅಕ್ಕನ ಹೆಬ್ಬೆಟ್ಟಿನ ಗುರುತು. ನಡುವೆ ಒಂದು ಗಾಯದ ಗೆರೆ ಓರೆಯಾಗಿ ಹೋಗಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ನೋಡಿದ ಅವರ ಮುಖ ನನಗೆ ಸರಿಯಾಗಿ ನೆನಪಿರಲಿಲ್ಲ. ಹೆಬ್ಬೆಟ್ಟು ಮಾತ್ರ ತಿಂಗಳಿಗೊಮ್ಮೆ ನೋಡುತ್ತಿದ್ದೆ.

ಏಳು ವರ್ಷ ಹೀಗೆ ನಡೆಯಿತು. ಕೆಳಗಿನ ಆ ಮನೆಯನ್ನು ನಾನು ಒಂದೊಂದು ಫಾರಮಿನಲ್ಲಿ ಕಟ್ಟಿದೆ ಅನ್ನಬೇಕು. ಮಾಡಿನ ಪಕಾಸಿಗೆ ಮರ ತರಿಸುವುದು ಎಂದು ಬರೆದೆ. ಜಗಲಿಗೆ ಮಣ್ಣು ತುಂಬಿಸುವುದು ಎಂದು ಬರೆದೆ. ಅಕ್ಕನ ಮಗನ ಶಾಲೆಯ ಫೀಸು ಕಟ್ಟುವುದು, ಬಾವಿಗೆ ರಾಟೆ ಹಾಕಿಸುವುದು ಎಂದು ಬರೆದೆ. ಅವರು ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಕೆಳಗೆ ಹೋಗಿ ಬಂದು ಎಷ್ಟು ಆಯಿತು ಎಂದು ಕೈಯಲ್ಲಿ ಅಳತೆ ತೋರಿಸಿ ಹೇಳುತ್ತಿದ್ದರು. ಮಗು ಸಣ್ಣದು, ಆಗುಂಬೆಯಲ್ಲಿ ಬಸ್ಸು ಇಳಿದು ಸಣ್ಣ ಗಾಡಿ ಹತ್ತಬೇಕು, ಮಳೆ, ವಾಂತಿ ಎಂದು ನಾನು ಹೋಗುವುದು ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು. ಎಲ್ಲ ಮುಗಿದ ಮೇಲೆ ಒಟ್ಟಿಗೇ ಹೋದರಾಯಿತು ಎಂದು ನನಗೂ ಇತ್ತು.

ಒಂದು ಸಲ ಅವರಿಗೆ ಹೇಳದೆ ಒಂದು ಸಾಲು ನಾನೇ ಸೇರಿಸಿದ್ದೆ. 'ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆಗೆ ಒಂದು ಗಾಜಿನ ಹಂಚು ಹಾಕಿಸುವುದು.' ಹಂಚಿನ ಆಕಾರದಲ್ಲೇ ಗಾಜಿನದು ಬರುತ್ತದೆ. ಸಾಲಿನ ನಡುವೆ ಒಂದನ್ನು ಕೂರಿಸಿದರೆ ಒಳಗೆ ಬೆಳಕು. ಬಾಡಿಗೆ ಮನೆಯ ಒಲೆಯ ಮುಂದೆ ಹಗಲಲ್ಲೂ ಚಿಮಣಿ ದೀಪ ಹಚ್ಚಿ, ಸಾರಿನಲ್ಲಿ ಹುಳ ಇದೆಯೋ ಸಾಸಿವೆ ಇದೆಯೋ ಎಂದು ಬಗ್ಗಿ ನೋಡುವವಳಿಗೆ ಇನ್ನೇನು ಆಸೆ ಹುಟ್ಟುತ್ತದೆ? ಆ ಶ್ರಾವಣದಲ್ಲಿ ಅವರು ವಾಪಸು ಬಂದವರೇ, "ಗಾಜಿನ ಹಂಚು ನೀ ಬರ್ದದ್ದಾ?" ಎಂದು ಕೇಳಿದರು. ಬೈಯುತ್ತಾರೆ ಎಂದುಕೊಂಡೆ. "ಸಮಾ ಒಲೆ ಮೇಲೇ ಬೀಳ್ತ್ ಬೆಳ್ಕ್. ಅಕ್ಕನಿಗೆ ಖುಷಿಯೋ ಖುಷಿ" ಅಂದರು. ಆ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಬೆಳಕು ಒಲೆಯ ಮೇಲೆ ಬೀಳುತ್ತದೆ ಎಂಬುದಷ್ಟೇ ನನಗೆ ಸಾಕಾಗಿತ್ತು.

ಇತ್ತ ರಿಪ್ಪನ್‌ಪೇಟೆಯಲ್ಲಿ ಹೊಸನಗರದ ರಸ್ತೆಗೆ ಒಂದು ತುಂಡು ಜಾಗವಿತ್ತು. ಮುಂದೆ ಒಂದು ಹಲಸಿನ ಮರ, ಹಿಂದೆ ಬಾವಿ ತೋಡಬಹುದಾದ ತಗ್ಗು. ನಾವು ಸಾಮಾನು ತರುತ್ತಿದ್ದ ಅಂಗಡಿಯ ಯಜಮಾನರದು. ವಯಸ್ಸಾದವರು, ನನ್ನ ಗಂಡನ ಮೇಲೆ ಅವರಿಗೆ ಪ್ರೀತಿ. ಅವರ ಅಂಗಡಿಯ ಮಾಡು ಸೋರುವುದನ್ನು ಇವರು ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಟ್ಟಿದ್ದರು. "ಆ ಜಾಗ ನಿಂಗೆ ಇಟ್ಟಿದೀನಿ ಕಣಯ್ಯಾ. ಕಂತಲ್ಲಿ ಕೊಡು. ಎಷ್ಟು ವರ್ಷ ಘಟ್ಟದ ಕೆಳಗೆ ಕಳಿಸ್ತೀಯಾ?" ಎಂದು ಮೂರು ವರ್ಷ ಕೇಳಿದರು. ಇವರು ಪ್ರತಿ ಸಲವೂ ಕೆಳಗಿನ ಕೆಲಸದ ಒಂದು ಹೆಸರು ಹೇಳುತ್ತಿದ್ದರು. ಮುಚ್ಚಿಗೆ, ಬಾವಿಕಟ್ಟೆ, ಕೊಟ್ಟಿಗೆ.

ನಾನು ಜಗಳವಾಡಲಿಲ್ಲ ಎಂದಲ್ಲ. ಆಡಿದ್ದೇನೆ. ಎರಡು ಮನೆ ಯಾಕೆ ಎಂದು ಅವರು ಕೇಳಿದಾಗ ಮಾತ್ರ ಸೋಲುತ್ತಿದ್ದೆ. ಒಂದಂತೂ ಇದೆ, ಇನ್ನೊಂದು ನಿಧಾನವಾಗಿ ಆಗಲಿ ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ.

ತಂತಿ ಕೊಟ್ಟ ಮೇಲೆ ಮಾರನೆಯ ದಿನ ಅವರ ಅಕ್ಕನ ಮಗ ಬಂದ. ಹತ್ತೊಂಬತ್ತು ವರ್ಷದ ಸಭ್ಯ ಹುಡುಗ. ಶಿಕ್ಷಕರ ತರಬೇತಿಗೆ ಸೇರಿದ್ದ. ಚಿತೆಗೆ ಕೊಳ್ಳಿ ಇಡುವವನು ಅವನೇ ಎಂದು ಗಂಡನ ಜೊತೆಯವರು ಕಾದಿದ್ದರು. ನನ್ನ ಅಣ್ಣ ಅಂಗಳದಲ್ಲಿ ನಿಂತು, "ಅಣ್ಣ-ತಮ್ಮನ ಮಕ್ಕಳು ಯಾರೂ ಇಲ್ವಾ? ಅಕ್ಕನ ಮಗ ಯಾಕೆ?" ಎಂದು ಕೇಳಿದ. "ನಮ್ಮಲ್ಲಿ ಹಾಂಗೇ" ಅಂದರು ಘಟ್ಟದ ಕೆಳಗಿನ ಆ ಜೊತೆಯವರು. ಸಾವಿನ ಮನೆಯಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ಸರಿಯಲ್ಲ ಎಂದು ಅಣ್ಣ ಸೌದೆ ಹೊರಲು ಹೋದ.

ಕಾರ್ಯವೆಲ್ಲ ಮುಗಿಸಿ ಹೊರಡುವಾಗ ಹುಡುಗ ನನ್ನ ಮುಂದೆ ಬಂದು ನಿಂತ. "ಅತ್ತೆ, ಮಾವನ ಹತ್ಯಾರ ನಾನ್ ತಕಂಡ್ ಹೋಗ್ಲಾ? ಅಮ್ಮ ತಪ್ಪಬ್ಯಾಡ ಅಂದಿದ್ಲ್." ನೆನಪಿಗೆ ಕೇಳುತ್ತಿದ್ದಾನೆ ಎಂದುಕೊಂಡೆ. ಚೀಲವನ್ನು ನಾನೇ ಮೊಳೆಯಿಂದ ಇಳಿಸಿ ಕೊಟ್ಟೆ. ಅವನು ನನ್ನ ಕಾಲಿಗೆ ಬಿದ್ದು ಹೋದ. ಸತ್ತ ಮಾವನ ಕೈಯ ಸಾಮಾನು ಅಕ್ಕನ ಮಗನಿಗೆ ಸೇರುವುದು ಅವರಲ್ಲಿ ಪದ್ಧತಿ ಎಂದು ನನಗೆ ಆಮೇಲೆ ಗೊತ್ತಾಯಿತು. ಅವನು ಕೇಳಿದ್ದು ನನ್ನ ಮರ್ಯಾದೆಗೆ.

ಮಳೆ ಸ್ವಲ್ಪ ಹಿಂದಾದ ಮೇಲೆ, ಅವರು ಕೆಳಗೆ ಹೋಗುತ್ತಿದ್ದ ಶ್ರಾವಣದಲ್ಲೇ, ಮಗಳನ್ನು ಕರೆದುಕೊಂಡು ಹೊರಟೆ. ಬಾಡಿಗೆ ಮನೆಯ ಪಾತ್ರೆಗಳನ್ನು ಎರಡು ಗೋಣಿಗೆ ತುಂಬಿಸಿ ಅಂಗಡಿಯ ಯಜಮಾನರ ಹಿತ್ತಿಲಲ್ಲಿ ಇಟ್ಟೆ. ಅಲ್ಲಿ ಕೂಡಿಕೊಂಡ ಮೇಲೆ ಲಾರಿಯಲ್ಲಿ ತರಿಸಿಕೊಳ್ಳುವ ಯೋಚನೆ. ಆಗುಂಬೆಯಲ್ಲಿ ಗಾಡಿ ಬದಲಿಸುವಾಗ ಮಗಳು, "ಅಪ್ಪ ಕಟ್ಸಿದ್ದ ಮನೆಗಾ ನಾವು ಹೋಗೋದು?" ಎಂದು ಕೇಳಿದಳು. ಹೌದು ಎಂದೆ.

ಮನೆ ಅವರು ಕೈಯಲ್ಲಿ ಅಳತೆ ತೋರಿಸಿ ಹೇಳಿದ ಹಾಗೇ ಇತ್ತು. ಜಗಲಿ ಅಷ್ಟೇ ಅಗಲ. ಬಾವಿಗೆ ರಾಟೆ. ಕೊಟ್ಟಿಗೆಗೆ ಹೊಸ ಹಂಚು ಕೂಡ ಬಂದಿತ್ತು. ಅದು ನಾನು ಆ ಬೆಳಿಗ್ಗೆ ಕಟ್ಟಿದ ಹಣ. ಅಕ್ಕ ನನ್ನನ್ನು ತಬ್ಬಿಕೊಂಡು ತುಂಬ ಅತ್ತರು. ಹೆಬ್ಬೆಟ್ಟಿನ ಗಾಯದ ಗೆರೆ ನನ್ನ ಭುಜದ ಮೇಲೆ ಇತ್ತು. ಆಮೇಲೆ ಒಳಗೆ ಕರೆದೊಯ್ದು, "ಕಾಣ್, ನೀ ಬರ್ದ್ ಹಾಕ್ಸಿದ್ ಹಂಚ್" ಎಂದು ತೋರಿಸಿದರು. ಒಲೆಯ ಮೇಲೆ, ಅನ್ನದ ಪಾತ್ರೆಯ ಮೇಲೆ, ಮೋಡದ ದಿನವಾದರೂ ಬೆಳಕು ಸುರಿಯುತ್ತಿತ್ತು. ಹೊಗೆ ಅದರೊಳಗೆ ಬಿಳಿಯಾಗಿ ಏಳುತ್ತಿತ್ತು. ನಾನು ಬಹಳ ಹೊತ್ತು ಅಲ್ಲೇ ನಿಂತೆ. ಮಸಿ ಹಿಡಿದರೆ ಒರೆಸಲು ಉದ್ದದ ಕೋಲಿಗೆ ಬಟ್ಟೆ ಕಟ್ಟಿಟ್ಟುಕೊಳ್ಳಬೇಕು ಎಂದು ಯೋಚಿಸುತ್ತಿದ್ದೆ.

ನಾಲ್ಕನೆಯ ದಿನ ನಾನು ಮಗಳನ್ನು ಅಲ್ಲಿಯ ಶಾಲೆಗೆ ಸೇರಿಸುವ ಮಾತು ತೆಗೆದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಹೆಣ್ಣೇ, ನೀ ಎಷ್ಟ್ ದಿನ ಬೇಕಾರೂ ಇರ್. ಉಂಬುಕೆ ಎಂತ ಕೊರತಿ ಇಲ್ಲೆ. ಆದ್ರೆ ಇದ್ ಕುಟುಂಬದ್ ಮನಿ. ನಂದ್ ಅಂತ ನಾನೂ ಹೇಳೂಕಾಗ. ನಾಳಿಗೆ ನನ್ ಹೆಣ್ಮಕ್ಕಳದ್ದ್, ಆಮೇಲೆ ಅವ್ರ ಹೆಣ್ಮಕ್ಕಳದ್ದ್."

"ಇದನ್ನ ಕಟ್ಸಿದ್ದು ಅವ್ರಲ್ವಾ ಅಕ್ಕ?"

"ಹೌದ್. ತಮ್ಮ ಅಲ್ದಾ? ತಮ್ಮ ಕಟ್ಸದೆ ಮತ್ತ್ಯಾರ್ ಕಟ್ಸೂದ್?" ಅವರಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. "ನಿನ್ ಹುಡ್ಗಿಗೆ ನಿನ್ ತಾಯಿ ಮನಿಯೊಳ್ಗೆ ಪಾಲ್ ಇರ್ತಲ್ದಾ? ಹೆಣ್ಣಲ್ದಾ ಅವ್ಳ್? ಪುಣ್ಯವಂತೆ. ಅಲ್ಲಿ ಕೇಂಡ್ರೆ ಆಯ್ತ್."

ನನ್ನ ತಾಯಿಮನೆಯಲ್ಲಿ ಹೆಣ್ಣಿಗೆ ಪಾಲಿಲ್ಲ ಎಂದು ಹೇಳಿದೆ. ಅವರು ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ, ಹಾಂಗಾರ್ ನಿಮ್ಮಲ್ಲಿ ಹೆಣ್ಮಕ್ಕಳ್ ಎಲ್ಲಿ ಇಪ್ಪುದ್?"

ಗಂಡನ ಮನೆಯಲ್ಲಿ ಎನ್ನಬೇಕಿತ್ತು. ನಾನು ಕೂತಿದ್ದದ್ದು ಅಲ್ಲೇ.

ಅವತ್ತು ಸಂಜೆ ಅಕ್ಕನ ಮಗ ನಮ್ಮನ್ನು ಊರಿನ ಶಾಲೆ ತೋರಿಸಲು ಕರೆದೊಯ್ದ. ಅಲ್ಲಿಯ ಮುಖ್ಯೋಪಾಧ್ಯಾಯರು ಕುರ್ಚಿ ತರಿಸಿ ನನ್ನನ್ನು ಕೂರಿಸಿದರು. "ಈ ಕಟ್ಟಡಕ್ಕೆ ಮಾಡು ಬಂದದ್ದು ಘಟ್ಟದ ಮೇಲೆ ದುಡಿಯುವವರಿಂದ ಅಮ್ಮ. ಒಬ್ಬೊಬ್ಬರು ಒಂದೊಂದು ಸಾಲು ಹಂಚು ಕೊಟ್ಟಿದ್ದಾರೆ. ನಿಮ್ಮ ಯಜಮಾನರು ಸಂಬಳ ಇಲ್ಲದೆ ಹೊದಿಸಿಯೂ ಕೊಟ್ಟರು. ಹತ್ತು ವರ್ಷದ ಹಿಂದೆ ಈ ಊರು ನೀವು ನೋಡಬೇಕಿತ್ತು. ಈಗ ನೋಡಿ" ಎಂದರು. ನೋಡಿದೆ. ದಾರಿಯುದ್ದಕ್ಕೂ ಹಂಚಿನ ಮನೆಗಳು. ಬಾವಿಗಳಿಗೆ ಕಟ್ಟೆ. ಶಾಲೆ ಬಿಟ್ಟು ಚಪ್ಪಲಿ ಹಾಕಿದ ಮಕ್ಕಳು ಓಡುತ್ತಿದ್ದರು. ಸುಳ್ಳಲ್ಲ. ನಮ್ಮ ಕಡೆ ದುಡಿದ ಹಣದಲ್ಲಿ ಅಲ್ಲಿ ಒಂದು ಊರು ಎದ್ದು ನಿಂತಿತ್ತು.

ಆ ಹಣವನ್ನು ಅವರು ಕುಡಿದು ಹಾಳುಮಾಡಿದ್ದರೆ, ಅಕ್ಕ ಮೋಸ ಮಾಡಿದ್ದರೆ, ಹುಡುಗ ಓದದೆ ಅಲೆದಿದ್ದರೆ ನನಗೆ ಸಿಟ್ಟು ಮಾಡಲು ಒಂದು ಮುಖ ಸಿಗುತ್ತಿತ್ತು. ಒಂದು ಪೈಸೆಯೂ ಪೋಲಾಗಿರಲಿಲ್ಲ. ಫಾರಮಿನಲ್ಲಿ ನಾನು ಬರೆದಷ್ಟನ್ನೂ ಅವರು ಮಾಡಿದ್ದರು.

ವಾಪಸು ಬಂದವಳು ಹೊಸನಗರದ ಹತ್ತಿರದ ತವರಿಗೆ ಹೋದೆ. ಅಣ್ಣ ಎಲ್ಲ ಕೇಳಿದ. ಕೇಳಿ, ಕೆಳಗಿನವರನ್ನು ಬೈದ. ಅವರ ಪದ್ಧತಿಯನ್ನು ಬೈದ. ಆಮೇಲೆ ಮಗಳಿಗೆ ಒಂದು ತುಂಡು ಜಾಗ ಕೊಡಬಹುದೇ ಎಂದು ನಾನು ಕೇಳಿದ್ದಕ್ಕೆ ಅವನ ಉತ್ತರವೂ ಅದೇ ಆಗಿತ್ತು.

"ನೋಡೇ, ನಮ್ಮಲ್ಲಿ ಹೆಣ್ಮಕ್ಕಳ ಮಕ್ಕಳಿಗೆ ಪಾಲು ಎಲ್ಲಿಂದ ಬರುತ್ತೆ? ಅವ್ಳು ಅವ್ಳಪ್ಪನ ಮನೆ ಮಗು. ಅಲ್ಲೇ ಕೇಳ್ಬೇಕು. ಅಕ್ಕಿ ಕಳಿಸ್ತೀನಿ, ಹಬ್ಬಕ್ಕೆ ಸೀರೆ ತರ್ತೀನಿ. ಜಾಗ ಗೀಗ ಅಂದ್ರೆ ನಿನ್ನ ಅತ್ತಿಗೆ ಸುಮ್ನೆ ಇರಲ್ಲ."

ಅತ್ತಿಗೆ ಒಳಗಿನಿಂದಲೇ, "ನನ್ನ ಹೆಸ್ರು ಯಾಕೆ ತಗೀತೀರಿ? ನಿಮ್ಗೇ ಮನಸ್ಸಿಲ್ಲ ಅಂತ ಹೇಳಿ" ಅಂದಳು. ಅದೂ ನಿಜ ಇರಬಹುದು.

ಸಾಗರದ ಕೋರ್ಟಿನ ಎದುರು ಅರ್ಜಿ ಬರೆಯುವವರೊಬ್ಬರಿದ್ದಾರೆ, ತಿಳಿದವರು ಎಂದು ಯಾರೋ ಹೇಳಿದರು. ಹಣ ಮುಟ್ಟಿದ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿಕೊಂಡು ಹೋದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೇ ತಿರುಗಿಸಿ ನೋಡಿದರು.

"ಕಾನೂನು ಈಗ ಬದಲಾಗಿದೆ ಅಂತಾರಮ್ಮ. ಆದ್ರೆ ಕೇಸು ಕೆಳಗಡೆ ಕೋರ್ಟಲ್ಲಿ ಹಾಕ್ಬೇಕು. ವರ್ಷಗಟ್ಲೆ ಓಡಾಡ್ಬೇಕು. ಹಾಕಿದ್ರೂ, ಈ ಹಣ ಅವ್ರು ಅಕ್ಕನಿಗೆ ಇಷ್ಟಪಟ್ಟು ಕೊಟ್ಟಿದ್ದು ಅಂತಾರೆ. ಇದನ್ನೆಲ್ಲ ಬರೆದಿದ್ದು ಯಾರು?"

"ನಾನೇ."

"ನಿಮ್ಮ ಕೈಬರಹವೇ?"

"ಹೌದು."

ಅವರು ದಾರವನ್ನು ಮೊದಲಿದ್ದ ಹಾಗೇ ಗಂಟು ಹಾಕಿ ವಾಪಸು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಲ್ಲೇ ಒಂದು ಚಹಾ ತರಿಸಿ ಕುಡಿಸಿ ಬಸ್ಸಿಗೆ ಕಳಿಸಿದರು.

ಪಾತ್ರೆಯ ಗೋಣಿಗಳನ್ನು ಬಿಡಿಸಿಕೊಂಡು ಅದೇ ಬಾಡಿಗೆ ಮನೆಗೆ ಮತ್ತೆ ಬಂದೆ. ಅಂಗಡಿಯ ಯಜಮಾನರು ಜಾಗವನ್ನು ಇನ್ನೊಂದು ವರ್ಷ ಇಟ್ಟುಕೊಂಡಿದ್ದರು. ಅಕ್ಕನಿಗೆ ನಾನು ಮೊದಲ ಸಲ ಕಾಗದ ಬರೆದೆ. ಕೊಟ್ಟದ್ದನ್ನು ಕೇಳಲಿಲ್ಲ, ಈ ಜಾಗಕ್ಕೆ ಆಗುವಷ್ಟು ಏನಾದರೂ ಆದೀತೇ ಎಂದು ಕೇಳಿದೆ. ಹುಡುಗನ ಕೈಯಲ್ಲಿ ಉತ್ತರ ಬರೆಸಿದ್ದರು. ನಗದು ಅವರ ಹತ್ತಿರ ಇರಲಿಲ್ಲ. ಇದ್ದದ್ದೆಲ್ಲ ಗೋಡೆ, ಮರ, ಹಂಚು ಆಗಿಹೋಗಿತ್ತು. ಮೇಲಿನಿಂದ ಬರುತ್ತಿದ್ದ ಹಣವೂ ನಿಂತಿತ್ತು. ಹಂಚಿನ ಲಾರಿಯಲ್ಲಿ ಒಂದು ಮುಡಿ ಅಕ್ಕಿ ಕಳಿಸಿದರು, ಹುಲ್ಲಿನಲ್ಲಿ ಚೆಂದಕ್ಕೆ ಬಿಗಿದು ಕಟ್ಟಿದ್ದು. ಮರುವರ್ಷವೂ ಒಂದು ಬಂತು. ಆಮೇಲೆ ಬರಲಿಲ್ಲ.

ಜಾಗವನ್ನು ಮುಳುಗಡೆಯಾದ ಊರಿನ ಒಂದು ಸಂಸಾರ ಕೊಂಡಿತು. ಪರಿಹಾರದ ಹಣ ಕೈಗೆ ಬಂದಿತ್ತು. ಆರು ಮಕ್ಕಳನ್ನು ಕಟ್ಟಿಕೊಂಡು ಎರಡು ವರ್ಷ ನೆಂಟರ ಜಗಲಿಯಲ್ಲಿ ಇದ್ದವರು. ಯಜಮಾನರು ನನ್ನ ಮನೆ ತನಕ ಬಂದು ಹೇಳಿದರು. "ಮಗಳೇ, ನಾನು ಇನ್ನು ಎಷ್ಟು ಕಾಯ್ಲಿ?" ಅವರನ್ನು ನಾನೇ ಸಮಾಧಾನ ಮಾಡಿ ಕಳಿಸಬೇಕಾಯಿತು. ಆ ಮನೆಯ ಹೆಂಗಸು ಈಗ ನನಗೆ ಹಲಸಿನ ಹಣ್ಣು ತಂದುಕೊಡುತ್ತಾಳೆ. ಅವರ ಮಾಡಿಗೆ ಹಂಚು ಹೊದಿಸಿದವರು ನನ್ನ ಗಂಡನ ಜೊತೆಯವರೇ.

ಆ ಜೊತೆಯವರಲ್ಲಿ ಕೆಲವರು ಈಗಲೂ ಫಾರಂ ಬರೆಸಲು ನನ್ನ ಹೊಸ್ತಿಲಿಗೆ ಬರುತ್ತಾರೆ. ಒಂದು ಫಾರಮಿಗೆ ಹತ್ತು ಪೈಸೆ ಕೊಡುತ್ತಾರೆ, ಇಲ್ಲದಿದ್ದರೆ ಒಣಮೀನು. ಉಳಿದ ಹೊತ್ತು ರವಿಕೆ ಹೊಲಿಯುತ್ತೇನೆ. ಅವತ್ತು ಚೀಲ ತಂದುಕೊಟ್ಟವನೂ ಬರುತ್ತಾನೆ. ಅವನು ಹೋದ ವರ್ಷ ಕೋಣಂದೂರಿನ ಹತ್ತಿರದ ಹುಡುಗಿಯನ್ನು ಮದುವೆಯಾದ. ಕೆಲವು ತಿಂಗಳ ಹಿಂದೆ ಬಂದು ಕೂತು, "ಬರೀ ಅಕ್ಕ, ಅಬ್ಬಿ ಹೆಸ್ರಿಗೆ" ಅಂದ. ಅಬ್ಬಿ ಎಂದರೆ ತಾಯಿ.

"ಅರ್ಧ ಬರೀತೀನಿ. ಇನ್ನರ್ಧ ಇಲ್ಲೇ ಪೋಸ್ಟಾಫೀಸಲ್ಲಿ ಹೆಂಡ್ತಿ ಹೆಸ್ರಿಗೆ ಇಡು."

"ಅವ್ಳಿಗೆಂತಕ್ಕೆ? ನಾನ್ ಇಲ್ಯಾ?"

"ಇವರೂ ಇದ್ರು."

ಅವನು ಬೆರಳಲ್ಲಿ ನೆಲ ಗೀರಿದ. ಆಮೇಲೆ ನಕ್ಕ. "ಅಕ್ಕ, ಅಬ್ಬಿ ಮನಿಗೆ ಈ ವರ್ಷ ಗೋಡೆ ಏಳ್ತಾ ಇತ್ತ್. ಅದ್ ಒಂದ್ ಆಗ್ಲಿ."

ನಾನು ಪೆನ್ನು ಕೆಳಗಿಟ್ಟೆ. ಬರೆಯುವುದಿಲ್ಲ ಎಂದೆ. ಅವನಿಗೆ ಬೇಸರವಾಯಿತು. ಎದ್ದು ಪೋಸ್ಟಾಫೀಸಿಗೆ ಹೋಗಿ ಅಲ್ಲಿಯೇ ಯಾರ ಕೈಯಲ್ಲೋ ಬರೆಸಿದನಂತೆ, ಪೂರ್ತಿ ಹಣಕ್ಕೆ. ಮುಂದಿನ ತಿಂಗಳು ಮತ್ತೆ ನನ್ನ ಹತ್ತಿರವೇ ಬಂದ. ಬರೆದುಕೊಟ್ಟೆ. ಹತ್ತು ಪೈಸೆ ನನಗೂ ಬೇಕಿತ್ತು.

ಅವರು ಹೋಗಿ ನಾಲ್ಕು ವರ್ಷವಾಯಿತು. ಅಕ್ಕನ ಮಗ ಈಗ ಮೇಷ್ಟರಾಗಿದ್ದಾನೆ. ಅವನು ಓದಿದ ಮನೆಯ ಒಲೆಯ ಮೇಲೆ ಬೆಳಕು ಬೀಳುತ್ತಿರಬೇಕು. ಗಂಡನ ಮೇಲೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದ ಕೂಡಲೇ, ಅವತ್ತು ಎಲೆಯಡಿಕೆ ಸಂಚಿಗೆ ವಾಪಸು ಬಂದವರನ್ನು ಒಂದು ಗಳಿಗೆ ನಿಲ್ಲಿಸಿಕೊಂಡು ಬೇರೆ ಏನಾದರೂ ಮಾತಾಡಬಹುದಿತ್ತು ಎನ್ನಿಸುತ್ತದೆ. ಎರಡೂ ಒಟ್ಟಿಗೇ ಬರುವುದರಿಂದ ಸರಿಯಾಗಿ ಅಳುವುದಕ್ಕೂ ಆಗುವುದಿಲ್ಲ, ಸರಿಯಾಗಿ ಬೈಯುವುದಕ್ಕೂ ಆಗುವುದಿಲ್ಲ.

ಮಗಳು ಮೂರನೇ ಇಯತ್ತೆ. ಹೊಸ್ತಿಲಲ್ಲಿ ಕೂತು ಓದುತ್ತಾಳೆ. ನಾನು ಹೊಲಿಯಲು ಕೂತರೆ ಅವಳು ಸರಿದುಕೊಳ್ಳಬೇಕು. ಬೆಳಕಿಗೆ ಇನ್ನೊಂದು ಜಾಗ ನಮಗೆ ಇಲ್ಲ.